ಮನೆಯ ಕೋಳಿಗಳ ಮೊಟ್ಟೆ: ಶುಚಿ ಮಾಡುವ ಮತ್ತು ಕೆಡದಂತೆ ಇಡುವ ಸಮಗ್ರ ಮಾರ್ಗದರ್ಶಿ

ಹಿತ್ತಿಲಲ್ಲಿ ಕೋಳಿ ಸಾಕಿದವರ ಕೈಗೆ ಬರುವ ಮೊಟ್ಟೆಗಳು ಅಂಗಡಿಯ ಟ್ರೇಯಲ್ಲಿ ಕಾಣುವಷ್ಟು ಒಪ್ಪವಾಗಿರುವುದಿಲ್ಲ. ಒಂದಕ್ಕೆ ಹುಲ್ಲಿನ ಎಸಳು ಅಂಟಿರುತ್ತದೆ, ಇನ್ನೊಂದರ ಮೇಲೆ ಕೆಸರುಗಾಲಿನ ಗುರುತು ಮೂಡಿರುತ್ತದೆ, ಮತ್ತೊಂದರ ತುದಿಯಲ್ಲಿ ಹಿಕ್ಕೆ ಒಣಗಿರುತ್ತದೆ. ಇವನ್ನು ಅಡುಗೆಮನೆಗೆ ತಂದ ಕೂಡಲೇ ನಲ್ಲಿಯ ಕೆಳಗೆ ಹಿಡಿದು ತಿಕ್ಕುವ ರೂಢಿ ಹಲವರಿಗಿದೆ. ತರಕಾರಿಗೆ ಸರಿಹೋಗುವ ಈ ಕ್ರಮ ಮೊಟ್ಟೆಗೆ ಸರಿಹೋಗುವುದಿಲ್ಲ. ತಣ್ಣೀರಿನಲ್ಲಿ ತೊಳೆದು ಹೊರಗೆ ಇಟ್ಟ ಮೊಟ್ಟೆ, ತೊಳೆಯದೆ ಇಟ್ಟ ಶುಭ್ರವಾದ ಮೊಟ್ಟೆಗಿಂತ ಬೇಗ ಕೆಡುತ್ತದೆ. ಮೊಟ್ಟೆಯ ಶುಚಿತ್ವದ ಬಹುಪಾಲು ಗೂಡಿನಲ್ಲೇ ತೀರ್ಮಾನವಾಗುತ್ತದೆ, ನೀರು ಕೊನೆಯ ಉಪಾಯ, ಮತ್ತು ಒಮ್ಮೆ ನೀರು ಸೋಕಿದ ಮೊಟ್ಟೆಗೆ ಆಮೇಲೆ ಫ್ರಿಜ್ ಬಿಟ್ಟು ಬೇರೆ ಜಾಗವಿಲ್ಲ. ಮುಂದೆ ಹೇಳುವ ಎಲ್ಲ ಹಂತಗಳೂ ಈ ಮೂರು ಮಾತುಗಳಿಂದಲೇ ಹೊರಡುತ್ತವೆ.

ಚಿಪ್ಪಿನ ರಚನೆ

ಮೊಟ್ಟೆಯ ಚಿಪ್ಪಿನಲ್ಲಿ ಶೇಕಡಾ 95ರಷ್ಟು ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ನೋಡಲು ಗಟ್ಟಿ ಗೋಡೆಯಂತಿದ್ದರೂ ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರುತ್ತವೆ. ಒಳಗೆ ಮರಿ ಬೆಳೆಯುವುದಾದರೆ ಅದಕ್ಕೆ ಉಸಿರಾಟದ ದಾರಿ ಅದೇ. ಮೊಟ್ಟೆ ಕೋಳಿಯ ದೇಹದಿಂದ ಹೊರಬರುವ ಮುನ್ನ ಈ ರಂಧ್ರಗಳ ಬಾಯಿಯನ್ನು ಮುಚ್ಚುವಂತೆ ಪ್ರೋಟೀನಿನ ತೆಳುವಾದ ಲೇಪವೊಂದು ಚಿಪ್ಪಿನ ಮೇಲೆ ಕೂರುತ್ತದೆ. ಈಗ ತಾನೇ ಇಟ್ಟ ಮೊಟ್ಟೆಯನ್ನು ಕೈಗೆತ್ತಿಕೊಂಡರೆ ಅದು ಒದ್ದೆಯಾಗಿ ಹೊಳೆಯುವುದು, ನೋಡನೋಡುತ್ತಿದ್ದಂತೆ ಕೆಲವೇ ನಿಮಿಷಗಳಲ್ಲಿ ಆ ಹೊಳಪು ಮಾಸಿ ಮೇಲ್ಮೈ ಒಣಗುವುದು ಈ ಲೇಪದ ಕಾರಣದಿಂದ. ಇದನ್ನು ರಕ್ಷಾಪೊರೆ ಎಂದು ಕರೆಯೋಣ. ಹೊರಗಿನ ಸೂಕ್ಷ್ಮಜೀವಿಗಳನ್ನು ತಡೆಯುವುದು ಮತ್ತು ಒಳಗಿನ ತೇವ ಆವಿಯಾಗದಂತೆ ನೋಡಿಕೊಳ್ಳುವುದು, ಇವೆರಡೂ ಇದರ ಕೆಲಸ. ನೀರು, ಸೋಪು, ಜೋರಾಗಿ ಉಜ್ಜುವುದು, ಈ ಮೂರರಿಂದಲೂ ಅದು ಹಾಳಾಗುತ್ತದೆ.

ಇನ್ನೊಂದು ಸಂಗತಿಯೂ ಇಲ್ಲಿ ಮುಖ್ಯ. ಕೋಳಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಹೊರಬಂದ ಮೊಟ್ಟೆ ತಣ್ಣಗಾಗುತ್ತಾ ಹೋದಂತೆ ಒಳಗಿನ ದ್ರವ ಕುಗ್ಗುತ್ತದೆ, ಆ ಕುಗ್ಗಿದ ಜಾಗಕ್ಕೆ ಹೊರಗಿನ ಗಾಳಿ ರಂಧ್ರಗಳ ಮೂಲಕ ನುಗ್ಗುತ್ತದೆ. ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದಾಗ ಮೊಂಡು ತುದಿಯಲ್ಲಿ ಕಾಣುವ ತಗ್ಗು ಈ ಗಾಳಿಯ ಜಾಗವೇ. ಬೆಚ್ಚಗಿರುವ ಮೊಟ್ಟೆಯನ್ನು ತಣ್ಣೀರಿಗೆ ಹಾಕಿದಾಗಲೂ ಇದೇ ನಡೆಯುತ್ತದೆ. ಆದರೆ ಆಗ ಒಳಗೆ ಎಳೆಯಲ್ಪಡುವುದು ಗಾಳಿಯಲ್ಲ, ಹಿಕ್ಕೆ ಕದಡಿದ ನೀರು. ತಣ್ಣೀರು ಬೇಡ ಎನ್ನುವುದರ ಹಿಂದಿನ ಕಾರಣ ಇಷ್ಟೇ.

ಮೊದಲ ಹಂತ: ಗೂಡನ್ನು ಸರಿಪಡಿಸುವುದು

ದಿನವೂ ಕೊಳೆ ಮೊಟ್ಟೆಯೇ ಸಿಗುತ್ತಿದೆ ಎಂದರೆ ತೊಳೆಯುವ ವಿಧಾನವನ್ನು ಹುಡುಕುವ ಮೊದಲು ಗೂಡಿನ ಕಡೆ ನೋಡಬೇಕು. ನಾಲ್ಕೈದು ಕೋಳಿಗಳಿಗೆ ಒಂದು ಮೊಟ್ಟೆ ಗೂಡು ಸಾಕು. ಉದ್ದ, ಅಗಲ, ಎತ್ತರ ತಲಾ 30 ಸೆಂಟಿಮೀಟರ್ ಇದ್ದರೆ ಸಾಧಾರಣ ಗಾತ್ರದ ಕೋಳಿ ಆರಾಮವಾಗಿ ಕೂರುತ್ತದೆ. ಒಳಗೆ ಒಣ ಹುಲ್ಲನ್ನೋ ಮರದ ಹೊಟ್ಟನ್ನೋ ಭತ್ತದ ಹೊಟ್ಟನ್ನೋ ಏಳೆಂಟು ಸೆಂಟಿಮೀಟರ್ ದಪ್ಪಕ್ಕೆ ಹಾಸಬೇಕು, ಒದ್ದೆಯಾದಾಗ ಅಥವಾ ಮೊಟ್ಟೆಯೊಂದು ಒಡೆದಾಗ ಆ ಹಾಸನ್ನು ಅಂದೇ ಬದಲಿಸಬೇಕು. ಒಡೆದ ಮೊಟ್ಟೆಯ ಲೋಳೆ ಮಿಕ್ಕವುಗಳಿಗೆ ಮೆತ್ತಿಕೊಳ್ಳುವುದಷ್ಟೇ ಅಲ್ಲದೆ, ಅದರ ರುಚಿ ಕಂಡ ಕೋಳಿ ತಾನೇ ಮೊಟ್ಟೆ ಕುಕ್ಕಿ ತಿನ್ನುವ ಚಟಕ್ಕೆ ಬೀಳುತ್ತದೆ. ಆ ಚಟ ಬಿಡಿಸುವುದು ಗೂಡು ಶುಚಿ ಮಾಡುವುದಕ್ಕಿಂತ ಬಹಳ ಕಷ್ಟ.

ಹಿಕ್ಕೆಯ ಸಮಸ್ಯೆಗೆ ಮೂಲ ಸಾಮಾನ್ಯವಾಗಿ ರಾತ್ರಿಯಲ್ಲಿರುತ್ತದೆ. ಕೋಳಿಗಳು ರಾತ್ರಿಯಿಡೀ ಹಿಕ್ಕೆ ಹಾಕುತ್ತವೆ, ಅವು ಗೂಡಿನಲ್ಲೇ ಮಲಗಿದರೆ ಬೆಳಗಿನ ಮೊಟ್ಟೆ ಆ ಹಿಕ್ಕೆಯ ಮೇಲೆಯೇ ಬೀಳುತ್ತದೆ. ಕೋಳಿಗಳು ಇರುವುದರಲ್ಲೇ ಎತ್ತರದ ಜಾಗವನ್ನು ಹುಡುಕಿ ಮಲಗುವ ಸ್ವಭಾವದವು. ಆದ್ದರಿಂದ ಮಲಗಲು ಕೂರುವ ಕೋಲನ್ನು ಮೊಟ್ಟೆ ಗೂಡಿಗಿಂತ ಮೇಲೆ ಕಟ್ಟಬೇಕು. ಅಷ್ಟಾದರೂ ಗೂಡಿಗೇ ನುಗ್ಗುವ ಮರಿಕೋಳಿಗಳಿದ್ದರೆ ಸಂಜೆ ಗೂಡಿನ ಬಾಯಿಗೆ ಹಲಗೆ ಅಡ್ಡವಿಟ್ಟು ಬೆಳಕು ಹರಿಯುವ ಮುನ್ನ ತೆಗೆಯಬಹುದು. ಮಳೆಯ ದಿನಗಳಲ್ಲಿ ಗೂಡಿನ ಬಾಗಿಲ ಮುಂದೆ ಒಂದಿಷ್ಟು ಜಲ್ಲಿಯನ್ನೋ ಒಣ ಹುಲ್ಲನ್ನೋ ಹರಡಿದರೆ ಕಾಲಿನ ಕೆಸರು ಅಲ್ಲೇ ಉಳಿಯುತ್ತದೆ.

ಚಿಪ್ಪು ತೆಳುವಾಗಿ ಮೊಟ್ಟೆ ಮತ್ತೆ ಮತ್ತೆ ಬಿರುಕು ಬಿಡುತ್ತಿದ್ದರೆ ಆಹಾರದಲ್ಲಿ ಕ್ಯಾಲ್ಸಿಯಂ ಸಾಲದು ಎಂದು ಅರ್ಥ ಮಾಡಿಕೊಳ್ಳಬಹುದು. ಚಿಪ್ಪಿನ ಪುಡಿಯನ್ನೋ ಸುಣ್ಣಕಲ್ಲಿನ ಹರಳನ್ನೋ ಬೇರೆ ಬಟ್ಟಲಿನಲ್ಲಿ ಇಟ್ಟರೆ ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ವಯಸ್ಸಾದ ಕೋಳಿಗಳ ಮೊಟ್ಟೆ ದೊಡ್ಡದಾಗುತ್ತಾ ಚಿಪ್ಪು ತೆಳುವಾಗುವುದು ಮಾತ್ರ ಸಹಜ, ಅದಕ್ಕೆ ಪೂರ್ತಿ ಪರಿಹಾರವಿಲ್ಲ.

ಎರಡನೆಯ ಹಂತ: ಹೊತ್ತಿಗೆ ಸರಿಯಾಗಿ ಆಯ್ದು ತರುವುದು

ಹೆಚ್ಚಿನ ಕೋಳಿಗಳು ಬೆಳಗಿನಿಂದ ಮಧ್ಯಾಹ್ನದೊಳಗೆ ಮೊಟ್ಟೆ ಇಡುತ್ತವೆ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಕಳೆದ ಮೇಲೆ ಒಮ್ಮೆ ಆಯ್ದರೆ ಸಾಕಾಗುತ್ತದೆ. ಸೆಕೆ ಹೆಚ್ಚಿರುವ ದಿನಗಳಲ್ಲಿ ನಡುವೆ ಇನ್ನೊಮ್ಮೆ ಹೋಗಿ ಬರುವುದು ಒಳ್ಳೆಯದು. ಹುಂಜ ಇರುವ ಮನೆಯಲ್ಲಿ ಇದು ಇನ್ನೂ ಮುಖ್ಯವಾಗುತ್ತದೆ. ಹುಂಜದ ಕೂಡಿಕೆಯಿಂದಾದ ಮೊಟ್ಟೆಯನ್ನು ತಿನ್ನಲು ಯಾವ ಅಡ್ಡಿಯೂ ಇಲ್ಲ, ಆದರೆ ಕಾವಿಗೆ ಕೂತ ಕೋಳಿಯ ಕೆಳಗೆ ಅಥವಾ ಬಿಸಿಯೇರಿದ ಗೂಡಿನಲ್ಲಿ ಅದು ಉಳಿದರೆ ಒಳಗೆ ಬೆಳವಣಿಗೆ ಆರಂಭವಾಗುತ್ತದೆ. ಬೇಗ ತಂದು ತಂಪಾದ ಜಾಗದಲ್ಲಿಟ್ಟರೆ ಅದು ನಿಂತೇ ಇರುತ್ತದೆ.

ತರುವ ಬುಟ್ಟಿಯ ತಳಕ್ಕೆ ಬಟ್ಟೆ ಹಾಸಿ, ಐದಾರು ಪದರಕ್ಕಿಂತ ಹೆಚ್ಚು ಪೇರಿಸದೆ, ಶುಭ್ರವಾದವನ್ನೂ ಕೊಳೆಯಾದವನ್ನೂ ಆಗಲೇ ಬೇರೆ ಬೇರೆ ಇಡಬೇಕು. ಕೋಳಿಗಳನ್ನು, ಗೂಡನ್ನು, ಮೊಟ್ಟೆಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದನ್ನು ಮಕ್ಕಳಿಗೂ ಕಲಿಸಬೇಕು. ಆರೋಗ್ಯವಾಗಿ ಕಾಣುವ ಕೋಳಿಯ ಕರುಳಿನಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಅದರಿಂದ ಕೋಳಿಗೆ ಏನೂ ಆಗದೆ ಮನುಷ್ಯರಿಗೆ ಮಾತ್ರ ವಾಂತಿ, ಭೇದಿ, ಜ್ವರ ಬರಬಹುದು.

ಕೋಳಿಗಳಿಗೆ ಜಂತುಹುಳುವಿನ ಮದ್ದು ಅಥವಾ ಇನ್ನಾವುದೇ ಔಷಧ ಕೊಟ್ಟಿದ್ದರೆ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಚೀಟಿಯ ಮೇಲೆ ಬರೆದಿರುತ್ತದೆ ಅಥವಾ ಪಶುವೈದ್ಯರು ಹೇಳಿರುತ್ತಾರೆ. ಅಷ್ಟು ದಿನದ ಮೊಟ್ಟೆಯನ್ನು ಬಿಸಾಡಲೇಬೇಕು. ತೊಳೆದರೂ ಬೇಯಿಸಿದರೂ ಔಷಧದ ಅಂಶ ಹೋಗುತ್ತದೆ ಎಂದು ನಂಬಿಕೊಳ್ಳಬಾರದು.

ಮೂರನೆಯ ಹಂತ: ವಿಂಗಡಣೆ

ತಂದ ಮೊಟ್ಟೆಗಳನ್ನು ಬೆಳಕಿನಲ್ಲಿ ಒಂದೊಂದಾಗಿ ತಿರುಗಿಸಿ ನೋಡಬೇಕು. ಪೂರ್ತಿ ಶುಭ್ರವಾಗಿರುವವು ಒಂದು ಕಡೆ, ಅಲ್ಲಲ್ಲಿ ಒಣಗಿದ ಮಣ್ಣೋ ಹುಲ್ಲೋ ಅಂಟಿದವು ಇನ್ನೊಂದು ಕಡೆ, ಹಸಿ ಹಿಕ್ಕೆಯೋ ಒಡೆದ ಮೊಟ್ಟೆಯ ಲೋಳೆಯೋ ಮೆತ್ತಿಕೊಂಡವು ಮತ್ತೊಂದು ಕಡೆ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕನ್ನು ಪತ್ತೆ ಮಾಡಲು ಎರಡು ಮೊಟ್ಟೆಗಳನ್ನು ಕೈಯಲ್ಲಿ ಹಿಡಿದು ಒಂದಕ್ಕೊಂದು ಬಹಳ ಮೆಲ್ಲಗೆ ತಾಗಿಸಬೇಕು. ಗಟ್ಟಿ ಚಿಪ್ಪುಗಳು ತಾಗಿದಾಗ ಸ್ಪಷ್ಟವಾದ ಟಿಣ್ಣೆನ್ನುವ ಸದ್ದು ಬರುತ್ತದೆ, ಒಂದರಲ್ಲಿ ಬಿರುಕಿದ್ದರೆ ಸದ್ದು ಮಂಕಾಗಿ ಒಡಕಲಾಗಿ ಕೇಳುತ್ತದೆ. ಅನುಮಾನವಿದ್ದರೆ ಕತ್ತಲಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಮೊಂಡು ತುದಿಗೆ ಒತ್ತಿ ಹಿಡಿದರೆ ಬಿರುಕು ಬೆಳ್ಳಿಯ ಗೆರೆಯಂತೆ ಹೊಳೆಯುತ್ತದೆ.

ಗೂಡಿನಲ್ಲೇ ಬಿರುಕು ಬಿಟ್ಟ ಮೊಟ್ಟೆಯನ್ನು ಉಪಯೋಗಿಸಬಾರದು. ತರುವಾಗ ನಿಮ್ಮ ಕೈಯಲ್ಲೇ ಬಿರುಕು ಬಿಟ್ಟು ಒಳಪೊರೆ ಹರಿಯದಿದ್ದರೆ, ಆ ಕ್ಷಣದಲ್ಲೇ ಶುಭ್ರವಾದ ಡಬ್ಬಿಗೆ ಒಡೆದು ಹಾಕಿ, ಮುಚ್ಚಿ, ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಚೆನ್ನಾಗಿ ಬೇಯಿಸಿ ಬಳಸಬಹುದು. ಪೊದೆಯಲ್ಲೋ ಸೌದೆಯ ಹಿಂದೆಯೋ ಕೋಳಿ ಕದ್ದು ಇಟ್ಟ ಹತ್ತಾರು ಮೊಟ್ಟೆಗಳು ಒಮ್ಮೆಲೇ ಸಿಕ್ಕಾಗ ಆಸೆ ಹುಟ್ಟುವುದು ನಿಜ, ಆದರೆ ಅವು ಯಾವ ದಿನದವು ಎಂದು ತಿಳಿಯುವ ದಾರಿಯಿಲ್ಲದ ಕಾರಣ ಅವನ್ನು ಅಡುಗೆಗೆ ತರದಿರುವುದೇ ಸರಿ.

ನಾಲ್ಕನೆಯ ಹಂತ: ನೀರಿಲ್ಲದೆ ಶುಚಿ ಮಾಡುವುದು

ಶುಭ್ರವಾದ ಮೊಟ್ಟೆಗೆ ಏನೂ ಮಾಡಬೇಕಿಲ್ಲ. ಒಣ ಕೊಳೆ ಇರುವುದಕ್ಕೆ ಒಣ ಬಟ್ಟೆ, ಪಾತ್ರೆ ತಿಕ್ಕುವ ಹೊಸ ನೈಲಾನ್ ಸ್ಕ್ರಬ್ಬರ್ ಅಥವಾ ಅತಿ ನುಣುಪಾದ ಉಪ್ಪುಕಾಗದ ಸಾಕು. ಮೊಟ್ಟೆಯನ್ನು ಅಂಗೈಯಲ್ಲಿ ಕೂರಿಸಿ, ಕೊಳೆಯಿರುವ ಜಾಗವನ್ನು ಮಾತ್ರ ಸಣ್ಣ ಸುತ್ತುಗಳಲ್ಲಿ ಹಗುರವಾಗಿ ಉಜ್ಜಬೇಕು. ಇಡೀ ಚಿಪ್ಪನ್ನು ಬೆಳ್ಳಗೆ ಮಾಡಲು ಹೋದರೆ ರಕ್ಷಾಪೊರೆಯೂ ಕೊಳೆಯ ಜೊತೆಯಲ್ಲೇ ಹೋಗುತ್ತದೆ. ಮಾಸಲು ಕಲೆ ಉಳಿದರೆ ಉಳಿಯಲಿ. ಕಲೆಯಿಂದ ಮೊಟ್ಟೆ ಕೆಡುವುದಿಲ್ಲ. ಉಜ್ಜುವ ಸಾಧನವನ್ನು ಪ್ರತಿ ಸಲವೂ ಬಿಸಿನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಒಂದರ ಹಿಕ್ಕೆಯನ್ನು ಇನ್ನೊಂದಕ್ಕೆ ಹಚ್ಚಿದಂತಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದು ಸಹ ತೊಳೆದ ಲೆಕ್ಕವೇ ಎಂಬುದನ್ನು ಮರೆಯಬಾರದು.

ಐದನೆಯ ಹಂತ: ತೊಳೆಯಲೇಬೇಕಾದಾಗ

ಹಿಕ್ಕೆ ಅಥವಾ ಲೋಳೆ ಗಟ್ಟಿಯಾಗಿ ಮೆತ್ತಿಕೊಂಡ ಮೊಟ್ಟೆಗೆ ಎರಡೇ ದಾರಿ: ಬಿಸಾಡುವುದು ಅಥವಾ ಸರಿಯಾದ ಕ್ರಮದಲ್ಲಿ ತೊಳೆದು ಬೇಗ ಬಳಸುವುದು. ಮೊಟ್ಟೆಯ ಅರ್ಧಭಾಗಕ್ಕಿಂತ ಹೆಚ್ಚು ಕೊಳೆಯಾಗಿದ್ದರೆ ಬಿಸಾಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಒಂದು ಮೊಟ್ಟೆಯ ನಷ್ಟ ದೊಡ್ಡದಲ್ಲ. ತೊಳೆಯುವ ಕ್ರಮ ಹೀಗಿದೆ.

1. ನೀರಿನ ಉಷ್ಣತೆ ಮೊಟ್ಟೆಯ ಉಷ್ಣತೆಗಿಂತ ಕನಿಷ್ಠ 11 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು, ಹೇಗಿದ್ದರೂ 32 ಡಿಗ್ರಿಗಿಂತ ಕಡಿಮೆ ಇರಬಾರದು. 40ರಿಂದ 45 ಡಿಗ್ರಿ ಸಾಮಾನ್ಯವಾಗಿ ಸರಿಹೋಗುತ್ತದೆ. ಕೈ ಇಟ್ಟರೆ ಚೆನ್ನಾಗಿ ಬಿಸಿ ಎನಿಸಬೇಕು, ಆದರೆ ಸುಡಬಾರದು.

2. ಬಿಸಿನೀರನ್ನು ಮೊಟ್ಟೆಯ ಮೇಲೆ ಹರಿಯಬಿಟ್ಟು ತೊಳೆಯಬೇಕು. ಪಾತ್ರೆಯಲ್ಲಿ ನೆನೆಹಾಕಬಾರದು, ಏಕೆಂದರೆ ಕೆಲವು ನಿಮಿಷಗಳಲ್ಲೇ ಪಾತ್ರೆಯ ನೀರು ಆರಿ, ಹಿಕ್ಕೆ ಕದಡಿದ ಅದೇ ನೀರು ರಂಧ್ರಗಳೊಳಗೆ ಇಳಿಯಲು ಅನುವಾಗುತ್ತದೆ.

3. ಅಂಟು ಬಿಡದಿದ್ದರೆ ಸುವಾಸನೆಯಿಲ್ಲದ ಪಾತ್ರೆ ಸೋಪಿನ ಒಂದೆರಡು ಹನಿ ಸಾಕು. ಸುವಾಸನೆಯ ಸೋಪು ಬೇಡ, ಚಿಪ್ಪು ವಾಸನೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ವಿನೆಗರ್ ಅಥವಾ ನಿಂಬೆರಸ ಹಚ್ಚಲೇಬಾರದು. ಹುಳಿ ತಾಗಿದ ಕಡೆ ಚಿಪ್ಪಿನ ಸುಣ್ಣ ಕರಗಿ ನೊರೆಯೇಳುವುದನ್ನು ಕಣ್ಣಾರೆ ನೋಡಬಹುದು.

4. ಸೋಂಕು ನಿವಾರಣೆ ಬೇಕೆನಿಸಿದರೆ 4 ಲೀಟರ್ ಬೆಚ್ಚನೆಯ ನೀರಿಗೆ ಶೇಕಡಾ 5ರ, ಸುವಾಸನೆಯಿಲ್ಲದ ಬ್ಲೀಚ್ ದ್ರವವನ್ನು 15 ಮಿಲಿಲೀಟರ್ ಬೆರೆಸಿ ಮೊಟ್ಟೆಯ ಮೇಲೆ ಸುರಿದು, ಬಳಿಕ ಅಷ್ಟೇ ಬೆಚ್ಚಗಿನ ಶುಭ್ರ ನೀರನ್ನು ಸುರಿಯಬಹುದು. ಬ್ಲೀಚಿಗೆ ವಿನೆಗರನ್ನೋ ಬೇರೆ ಯಾವುದೇ ಶುಚಿಕಾರಕವನ್ನೋ ಬೆರೆಸಿದರೆ ವಿಷಾನಿಲ ಏಳುತ್ತದೆ.

5. ತೊಳೆದ ಪ್ರತಿ ಮೊಟ್ಟೆಯನ್ನೂ ಕೂಡಲೇ ಶುಭ್ರವಾದ ಬಟ್ಟೆಯಿಂದಲೋ ಕಾಗದದ ಟವೆಲಿನಿಂದಲೋ ಒರೆಸಿ, ಪೂರ್ತಿ ಒಣಗಿದ ಮೇಲೆ ನೇರವಾಗಿ ಫ್ರಿಜ್‌ಗೆ ಸೇರಿಸಬೇಕು. ಒದ್ದೆಯ ಮೊಟ್ಟೆಯನ್ನು ಟ್ರೇಯಲ್ಲಿ ಕೂರಿಸಿದರೆ ಅದರ ತಳ ಗಂಟೆಗಟ್ಟಲೆ ತೇವದಲ್ಲೇ ಉಳಿಯುತ್ತದೆ.

ಮೊಟ್ಟೆಯನ್ನು ಬಳಸುವ ಮುನ್ನ, ಒಡೆಯುವ ಹೊತ್ತಿನಲ್ಲಿ ತೊಳೆಯುವ ಪದ್ಧತಿಯೂ ಇದೆ, ಕೊಳೆ ಕಡಿಮೆಯಿದ್ದಾಗ ಅದೇ ಎಲ್ಲಕ್ಕಿಂತ ಅನುಕೂಲ. ತೊಳೆಯಬೇಕೋ ಬೇಡವೋ ಎಂಬುದರಲ್ಲಿ ದೇಶಗಳ ನಡುವೆಯೂ ಒಮ್ಮತವಿಲ್ಲ. ಅಮೆರಿಕದಲ್ಲಿ ಮಾರಾಟದ ಮೊಟ್ಟೆಗಳನ್ನು ಸಾಮಾನ್ಯವಾಗಿ ತೊಳೆದು 7 ಡಿಗ್ರಿಯೊಳಗೆ ತಂಪಾಗಿಡುತ್ತಾರೆ, ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ‘ಎ’ ದರ್ಜೆಯ, ಅಂದರೆ ಜನರಿಗೆ ತಿನ್ನಲು ನೇರವಾಗಿ ಮಾರುವ, ಮೊಟ್ಟೆಯನ್ನು ತೊಳೆಯುವಂತಿಲ್ಲ. ಎರಡೂ ಕ್ರಮಗಳು ತಮ್ಮ ತಮ್ಮ ಮಟ್ಟಿಗೆ ಸುಸಂಬದ್ಧವಾಗಿವೆ. ತೊಂದರೆ ಬರುವುದು ಇವೆರಡನ್ನೂ ಬೆರೆಸಿ, ಮೊಟ್ಟೆಯನ್ನು ತೊಳೆದು ಹೊರಗಿಡುವವರಿಗೆ.

ಆರನೆಯ ಹಂತ: ಎಲ್ಲಿ, ಎಷ್ಟು ದಿನ

ತೊಳೆಯದ, ಬಿರುಕಿಲ್ಲದ, ಶುಭ್ರವಾದ ಮೊಟ್ಟೆಯನ್ನು 20 ಡಿಗ್ರಿಯ ಆಸುಪಾಸಿನ ತಂಪಾದ, ನೆರಳಿನ ಕೋಣೆಯಲ್ಲಿ ಎರಡು ವಾರದವರೆಗೆ ಹೊರಗಿಡಬಹುದು. ಕೋಣೆ ಅದಕ್ಕಿಂತ ಬಿಸಿಯಾಗಿದ್ದರೆ, ಅಥವಾ ಹಗಲು ಬಿಸಿ, ರಾತ್ರಿ ತಂಪು ಎಂದು ಏರಿಳಿಯುತ್ತಿದ್ದರೆ, ತೊಳೆಯದ ಮೊಟ್ಟೆಗೂ ಫ್ರಿಜ್ಜೇ ಸರಿ. ಇದರ ಕಾರಣ ಮೊಟ್ಟೆಯ ಒಳಗಿದೆ. ಬಿಳಿ ಲೋಳೆಯಲ್ಲಿ ಸೂಕ್ಷ್ಮಜೀವಿಗಳ ಗೋಡೆಯನ್ನು ಒಡೆಯುವ ಲೈಸೋಝೈಮ್ ಇದೆ, ಅವುಗಳಿಗೆ ಬೇಕಾದ ಕಬ್ಬಿಣವನ್ನು ಬಂಧಿಸಿಡುವ ಪ್ರೋಟೀನೂ ಇದೆ; ಆದ್ದರಿಂದ ಒಳಗೆ ಸೇರಿದ ಅಲ್ಪಸ್ವಲ್ಪ ಸಾಲ್ಮೊನೆಲ್ಲಾ ಅಲ್ಲಿ ಸುಲಭವಾಗಿ ಹೆಚ್ಚುವುದಿಲ್ಲ. ಕಾಲ ಕಳೆದಂತೆ, ಅದರಲ್ಲೂ ಬಿಸಿಯಲ್ಲಿ, ಹಳದಿ ಲೋಳೆಯನ್ನು ಸುತ್ತಿರುವ ಪೊರೆ ಸಡಿಲವಾಗಿ ಹಳದಿಯ ಪೋಷಕಾಂಶಗಳು ಬಿಳಿಗೆ ಸೋರುತ್ತವೆ. ಆಮೇಲೆ ಆ ಕಾವಲು ನಿಲ್ಲುವುದಿಲ್ಲ. ಸಾಲ್ಮೊನೆಲ್ಲಾ ಕೆಲವೊಮ್ಮೆ ಚಿಪ್ಪು ಮೂಡುವ ಮೊದಲೇ, ಕೋಳಿಯ ಅಂಡಾಶಯದಿಂದಲೇ ಒಳಸೇರಿರುವುದುಂಟು. ಅಂಥ ಮೊಟ್ಟೆಯನ್ನು ಹೊರಗಿನಿಂದ ಎಷ್ಟು ತೊಳೆದರೂ ಪ್ರಯೋಜನವಿಲ್ಲ, ತಂಪು ಮತ್ತು ಬೇಯಿಸುವುದು ಮಾತ್ರ ಕೆಲಸಕ್ಕೆ ಬರುತ್ತವೆ. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯಲ್ಲಿ ಬಿಳಿ, ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಬೇಕು.

ಫ್ರಿಜ್‌ನಲ್ಲಿ 4 ಡಿಗ್ರಿಯ ಸುಮಾರಿಗೆ ಇಟ್ಟರೆ ತೊಳೆಯದ ಮೊಟ್ಟೆ ಎರಡು ತಿಂಗಳವರೆಗೂ ಚೆನ್ನಾಗಿರುತ್ತದೆ. ತೊಳೆದದ್ದನ್ನು ನಾಲ್ಕೈದು ವಾರದೊಳಗೆ ಮುಗಿಸಬೇಕು. ಬಾಗಿಲಿನ ಗೂಡುಗಳು ಮೊಟ್ಟೆಗೆಂದೇ ಮಾಡಿದಂತೆ ಕಂಡರೂ ಪ್ರತಿ ಸಲ ಬಾಗಿಲು ತೆರೆದಾಗ ಬಿಸಿಗಾಳಿ ಮೊದಲು ತಾಗುವುದು ಅಲ್ಲಿಗೇ, ಒಳಗಿನ ತಟ್ಟೆಯೇ ಅವುಗಳಿಗೆ ತಕ್ಕ ಜಾಗ. ಮುಚ್ಚಳವಿರುವ ಡಬ್ಬಿಯಲ್ಲಿಟ್ಟರೆ ಒಣಗುವುದೂ ಕಡಿಮೆ, ಈರುಳ್ಳಿ, ಮೀನಿನಂಥವುಗಳ ವಾಸನೆ ಹೀರುವುದೂ ಕಡಿಮೆ. ಚೂಪು ತುದಿ ಕೆಳಗೆ, ಮೊಂಡು ತುದಿ ಮೇಲೆ ಬರುವಂತೆ ಕೂರಿಸಬೇಕು. ಹಾಗಿಟ್ಟರೆ ಗಾಳಿಯ ಜಾಗ ಮೇಲೆಯೇ ನಿಂತು ಹಳದಿ ನಡುವಿನಲ್ಲಿ ಉಳಿಯುತ್ತದೆ. ಕಾಗದದ ತಿರುಳಿನ ಟ್ರೇಗಳು ಹಗುರ, ಅಗ್ಗ, ಆದರೆ ಅವುಗಳನ್ನು ತೊಳೆಯಲಾಗುವುದಿಲ್ಲ, ಲೋಳೆ ಬಿದ್ದು ಕಲೆಯಾದದ್ದನ್ನು ಮತ್ತೆ ಬಳಸಬಾರದು.

ಒಮ್ಮೆ ಫ್ರಿಜ್ ಸೇರಿದ ಮೊಟ್ಟೆಯನ್ನು ಮತ್ತೆ ಹೊರಗಿಡುವ ಅಭ್ಯಾಸ ಬೇಡ. ತಣ್ಣನೆಯ ಚಿಪ್ಪಿನ ಮೇಲೆ ಹೊರಗಿನ ಗಾಳಿಯ ತೇವ ಹನಿಗಟ್ಟುತ್ತದೆ, ಅದು ತೊಳೆದಷ್ಟೇ ಒದ್ದೆ. ಕೇಕ್ ಮುಂತಾದವುಗಳಿಗೆ ಕೋಣೆಯ ಉಷ್ಣತೆಯ ಮೊಟ್ಟೆ ಬೇಕಿದ್ದರೆ ಅರ್ಧ ಗಂಟೆ ಮೊದಲು ತೆಗೆದಿಟ್ಟರೆ ಸಾಕು, ಎರಡು ಗಂಟೆ ಮೀರಬಾರದು.

ಚಿಪ್ಪಿನ ಮೇಲೆ ಪೆನ್ಸಿಲಿನಿಂದ ತಾರೀಖು ಬರೆಯುವುದು ಬಹಳ ಉಪಯುಕ್ತವಾದ ಚಿಕ್ಕ ಕೆಲಸ. ಹೊಸ ಮೊಟ್ಟೆ ಹಿಂದೆ, ಹಳೆಯದು ಮುಂದೆ ಎಂಬ ಕ್ರಮ ಪಾಲಿಸಿದರೆ ಯಾವುದೂ ಮೂಲೆಯಲ್ಲಿ ಉಳಿದು ಹಳೆಯದಾಗುವುದಿಲ್ಲ. ಮರಿ ಮಾಡಿಸಲು ಎತ್ತಿಡುವ ಮೊಟ್ಟೆಗಳಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ: ಅವನ್ನು ತೊಳೆಯದೆ, ಫ್ರಿಜ್‌ನಲ್ಲಿಡದೆ, ತಂಪಾದ ಜಾಗದಲ್ಲಿಟ್ಟು ಒಂದು ವಾರದೊಳಗೆ ಕಾವಿಗೆ ಕೂರಿಸಬೇಕು.

ಹಳೆಯದೋ ಕೆಟ್ಟದ್ದೋ ಎಂದು ತಿಳಿಯುವುದು

ನೀರಿನ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ. ಹೊಸ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ, ಸ್ವಲ್ಪ ಹಳೆಯದು ಮೊಂಡು ತುದಿಯನ್ನು ಮೇಲೆತ್ತುತ್ತದೆ, ಬಹಳ ಹಳೆಯದು ತೇಲುತ್ತದೆ. ಇದು ಅಳೆಯುವುದು ಒಳಗಿನ ತೇವ ಆವಿಯಾಗಿ ಗಾಳಿಯ ಜಾಗ ಎಷ್ಟು ದೊಡ್ಡದಾಗಿದೆ ಎಂಬುದನ್ನು ಮಾತ್ರ. ಮುಳುಗಿದ ಮೊಟ್ಟೆಯಲ್ಲಿ ಸೋಂಕಿಲ್ಲ ಎಂದಾಗಲಿ, ತೇಲಿದ್ದೆಲ್ಲ ಕೊಳೆತಿದೆ ಎಂದಾಗಲಿ ಅದು ಹೇಳುವುದಿಲ್ಲ. ತೇಲಿದ್ದನ್ನು ಬಿಡುವುದೇ ಜಾಣತನ. ಈ ಪರೀಕ್ಷೆಯೂ ಮೊಟ್ಟೆಯನ್ನು ಒದ್ದೆ ಮಾಡುವುದರಿಂದ ಬಳಸುವ ಹೊತ್ತಿಗಷ್ಟೇ ಮಾಡಬೇಕು.

ಅನುಮಾನದ ಮೊಟ್ಟೆಯನ್ನು ನೇರವಾಗಿ ಬಾಣಲೆಗೆ ಹಾಕದೆ ಚಿಕ್ಕ ಬಟ್ಟಲಿಗೆ ಒಡೆದು ನೋಡಬೇಕು. ಗಂಧಕದ ದುರ್ವಾಸನೆಗೆ ವಿವರಣೆ ಬೇಕಿಲ್ಲ. ಬಿಳಿ ಲೋಳೆ ಗುಲಾಬಿ ಅಥವಾ ಹೊಳೆಯುವ ಹಸಿರು ಬಣ್ಣಕ್ಕೆ ತಿರುಗಿದ್ದರೆ ಬ್ಯಾಕ್ಟೀರಿಯಾದಿಂದ ಕೆಟ್ಟಿದೆ ಎಂದೇ ತಿಳಿದು ಎಸೆಯಬೇಕು. ಬಿಳಿ ಲೋಳೆ ಮಬ್ಬಾಗಿದ್ದರೆ ಹೆದರಬೇಕಾಗಿಲ್ಲ. ಹೊಸ ಮೊಟ್ಟೆಯಲ್ಲಿ ಇಂಗಾಲದ ಡೈಆಕ್ಸೈಡ್ ಇನ್ನೂ ಹೊರಹೋಗದ ಕಾರಣ ಹಾಗೆ ಕಾಣುತ್ತದೆ. ಹಳದಿಯ ಮೇಲಿನ ಸಣ್ಣ ರಕ್ತದ ಚುಕ್ಕೆಯೂ ನಿರಪಾಯ, ಬೇಡವೆನಿಸಿದರೆ ಚಾಕುವಿನ ತುದಿಯಿಂದ ತೆಗೆಯಬಹುದು.

ಮೊಟ್ಟೆ ಮಿಕ್ಕಾಗ

ಮೊಟ್ಟೆ ತಿನ್ನುವುದಕ್ಕಿಂತ ಹೆಚ್ಚು ಬರುವ ಕಾಲದಲ್ಲಿ ಫ್ರೀಜರ್ ನಂಬಬಹುದಾದ ದಾರಿ. ಚಿಪ್ಪಿನ ಸಮೇತ ಇಟ್ಟರೆ ಒಳಗಿನ ದ್ರವ ಹಿಗ್ಗಿ ಚಿಪ್ಪು ಸೀಳುವುದರಿಂದ, ಒಡೆದು, ನೊರೆ ಬಾರದಂತೆ ಕದಡಿ, ಡಬ್ಬಿಯಲ್ಲಿ ಸ್ವಲ್ಪ ಜಾಗ ಬಿಟ್ಟು ತುಂಬಿಸಬೇಕು. ಐಸ್ ತಟ್ಟೆಯಲ್ಲಿ ಹಾಕಿ ಗಟ್ಟಿಯಾದ ಮೇಲೆ ಚೀಲಕ್ಕೆ ಸೇರಿಸಿದರೆ ಬೇಕಾದಷ್ಟೇ ತೆಗೆಯಲು ಅನುಕೂಲ. ಬಿಳಿ ಲೋಳೆ ಹಾಗೆಯೇ ಚೆನ್ನಾಗಿ ಉಳಿಯುತ್ತದೆ. ಹಳದಿಯನ್ನು ಮಾತ್ರ ಬೇರೆಯಾಗಿ ಇಟ್ಟರೆ ಅದು ಅಂಟಂಟಾಗಿ ಗಟ್ಟಿಯಾಗಿ ಮತ್ತೆ ಸಡಿಲವಾಗುವುದಿಲ್ಲ, ಅದನ್ನು ತಡೆಯಲು ನಾಲ್ಕು ಹಳದಿಗೆ ಚಿಟಿಕೆ ಉಪ್ಪನ್ನೋ ಒಂದೂವರೆ ಚಮಚ ಸಕ್ಕರೆಯನ್ನೋ ಕಲಸಿ, ಯಾವುದನ್ನು ಬೆರೆಸಿದೆ ಎಂದು ಡಬ್ಬಿಯ ಮೇಲೆ ಬರೆದಿಡಬೇಕು. ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಒಂದು ವರ್ಷದವರೆಗೆ ಇಡಬಹುದು. ಬಳಸುವ ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ಭಾಗಕ್ಕೆ ಇಳಿಸಿ ಕರಗಿಸಿ, ಕರಗಿದ ಮೇಲೆ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಫ್ರಿಜ್ ಇಲ್ಲದ ಕಾಲದಲ್ಲಿ ಮೊಟ್ಟೆಗಳನ್ನು ಸುಣ್ಣದ ನೀರಿನಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು, ಈಗ ಆ ವಿಧಾನ ಮತ್ತೆ ಪ್ರಚಾರಕ್ಕೆ ಬಂದಿದೆ. ಸುಣ್ಣ ರಂಧ್ರಗಳನ್ನು ಮುಚ್ಚುವುದು ನಿಜವಾದರೂ ಮೊದಲೇ ಒಳಸೇರಿದ ಸಾಲ್ಮೊನೆಲ್ಲಾವನ್ನು ಅದು ಏನೂ ಮಾಡುವುದಿಲ್ಲ, ಮೇಲಾಗಿ ಆ ಮೊಟ್ಟೆಗಳು ತಿಂಗಳುಗಟ್ಟಲೆ ಕೋಣೆಯ ಉಷ್ಣತೆಯಲ್ಲೇ ಇರುತ್ತವೆ. ಫ್ರಿಜ್ ಇರುವ ಮನೆಗೆ ನಾನು ಇದನ್ನು ಸೂಚಿಸುವುದಿಲ್ಲ.

ಬೇಯಿಸಿದ ಮೊಟ್ಟೆ ಹಸಿಯದಕ್ಕಿಂತ ಬೇಗ ಕೆಡುತ್ತದೆ, ಏಕೆಂದರೆ ಕುದಿನೀರಿನಲ್ಲಿ ರಕ್ಷಾಪೊರೆ ಉಳಿಯುವುದಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಿ ಒಂದು ವಾರದಲ್ಲಿ ಮುಗಿಸಬೇಕು. ಬೇಯಿಸಲು ಅಂದಿನ ಮೊಟ್ಟೆಯನ್ನು ಬಿಟ್ಟು ವಾರ ಹತ್ತು ದಿನದ ಹಿಂದಿನದನ್ನು ಆರಿಸಿಕೊಳ್ಳುವುದು ಮೇಲು. ದಿನ ಕಳೆದಂತೆ ಬಿಳಿ ಲೋಳೆಯ ಕ್ಷಾರಗುಣ ಹೆಚ್ಚಿ, ಅದು ಒಳಪೊರೆಯನ್ನು ಹಿಡಿದುಕೊಳ್ಳುವುದು ಕಡಿಮೆಯಾಗುತ್ತದೆ, ಸಿಪ್ಪೆ ಸಲೀಸಾಗಿ ಬಿಡುತ್ತದೆ. ಆ ದಿನದ್ದನ್ನೇ ಬೇಯಿಸಬೇಕಾಗಿ ಬಂದರೆ ನೀರಿನಲ್ಲಿ ಕುದಿಸುವ ಬದಲು ಹಬೆಯಲ್ಲಿ ಬೇಯಿಸಿ, ತೆಗೆದ ಕೂಡಲೇ ತಣ್ಣೀರಿಗೆ ಹಾಕಿದರೆ ಸುಲಿಯುವುದು ಅಷ್ಟೊಂದು ಕಷ್ಟವಾಗುವುದಿಲ್ಲ.